ಚಕ್ಕುಬಂದಿ

ಚಿತ್ತಾಪುರ ಕೋರ್ಟಿನಾಗ ನನ್ನ ಹೆಸರು ಮೂರು ಸಲ ಕೂಗತಾರ,
ದೇವಕೆಮ್ಮ ತಂದಿ ಸಾಯಬಣ್ಣ, ದೇವಕೆಮ್ಮ ತಂದಿ ಸಾಯಬಣ್ಣ...
ಅಪ್ಪ ಸತ್ತು ಇಪ್ಪತ್ತು ವರ್ಷದ ಮ್ಯಾಗ ಆಯ್ತು,
ಆದರೂ ಪ್ರತಿ ಪೇಶಿಗೂ ಅವನನ್ನ ನನ್ನ ಬೆನ್ನಿಗೆ ಕಟ್ಟಿ ಕರೀತಾರ.
ಬಂದೀನ್ರಿ, ಅಂತೀನಿ.
ಇಬ್ಬರೂ ಬಂದೀವ್ರಿ, ಅನ್ನಬೇಕನಸ್ತದ.

ಕರಾರು ಅಪ್ಪನೇ ಮಾಡಿದ್ದು. ಐದು ಎಕರೆ ಹನ್ನೊಂದು ಗುಂಟೆ,
ಇಪ್ಪತ್ತು ವರ್ಷಕ್ಕ, ಪರಸಿ ತೆಗೀಲಿಕ್ಕ.
ಮ್ಯಾಲ ಮಣ್ಣು ಒಂದು ಮೊಳ, ಕೆಳಗೆಲ್ಲಾ ಹಾಸುಗಲ್ಲು,
ಜ್ವಾಳ ಬಿತ್ತಾಗ ಕೂರಿಗಿ ಕಿರ್ ಅಂತಿತ್ತು.
ಅಣವೀರಪ್ಪ ಛಲೋ ಮನಷಾ. ಸುಳ್ಳು ಯಾಕ ಹೇಳಲಿ,
ಅಪ್ಪನ ಮಣ್ಣಿಗೆ ಬಂದು ಹೆಗಲು ಕೊಟ್ಟಾನ,
ಬಾಡಗಿ ಒಂದು ದಿನ ತಪ್ಪಿಸಿಲ್ಲ.
ಅದೇ ನನಗ ಮುಳುವಾಯ್ತು.

ಮುದ್ದತ್ತು ಮುಗದದ್ದು ಮಾರ್ಚ್ ಮೂವತ್ತೊಂದಕ್ಕ.
ಏಪ್ರಿಲ್ ಆರಕ್ಕ ಅವನ ಮುನೀಮ ಮನಿಗೆ ಬಂದ,
ಚಹಾ ಕುಡದ, ರೊಕ್ಕ ಎಣಿಸಿ ಕೊಟ್ಟ,
ಇಲ್ಲೊಂದು ಸಹಿ ಅಕ್ಕೋರೆ, ಅಂದ. ಹಾಕಿದೆ.
ಅವತ್ತು ನಮ್ಮನ್ಯಾಗ ಗ್ಯಾಸ್ ಮುಗದಿತ್ತು.
ಸಿಲಿಂಡರ್ ತಂದೆ, ಉಳದದ್ದರಾಗ ತೊಗರಿಬ್ಯಾಳಿ ತಂದೆ.
ಬ್ಯಾಳಿ ಮುಗೀತು. ಸಹಿ ಮುಗೀಲಿಲ್ಲ.

ಆರು ವರ್ಷ ಆ ರಸೀದಿ ಕೋರ್ಟಿನಾಗ ಕುಂತಿತ್ತು
ಮೂಲ್ಯಾಗ ಕೆಂಪು ನಂಬರ್ ಬರಸಿಕೊಂಡು.
ಎದುರಿನ ವಕೀಲ ಅದನ್ನ ನನ್ನ ಕಣ್ಣ ಮುಂದ ಹಿಡದ:
ಈ ಸಹಿ ನಿಮ್ಮದೇ?
ನನ್ನದೇ.
ಬಾಡಿಗೆ ತಗೊಂಡದ್ದು ಖರೆ?
ಖರೆ.
ಹಂಗಾದರ ಕರಾರು ನೀವೇ ಮುಂದುವರಿಸಿದಂಗ ಆಯ್ತಲ್ಲ?
ನಮ್ಮ ಮುನವ್ವರ್ ವಕೀಲರು ಎದ್ದು ಇಂಗ್ಲೀಷಿನಾಗ ಏನೋ ಅಂದರು.
ಜಡ್ಜ್ ಮೇಡಂ ಬರಕೊಂಡರು.
ನಾ ತಲಿ ತಗ್ಗಿಸಿ ನೆಲ ನೋಡಿದೆ.

ನೆಲ ಪರಸೀದು.
ಬೂದಿಗೆ ನೀಲಿ ಕಲಸಿದ ಬಣ್ಣ,
ಅಲ್ಲಲ್ಲಿ ಎಣ್ಣಿ ಚೆಲ್ಲಿದಂಥ ಕಲಿ.
ನನ್ನ ಕಾಲ ಕೆಳಗಿಂದು ನಮ್ಮ ಹೊಲದ್ದೇ ಅಂತ ಆಣಿ ಮಾಡಲಾರೆ,
ಕಲ್ಲಿಗೆ ಪಹಣಿ ಇರಂಗಿಲ್ಲ.
ಆದರ ನಮ್ಮ ಹೊಲ ಎಲ್ಲೋ ಒಂದು ಕಡಿ ಹಾಸಿಕೊಂಡದ ಅಲ್ಲ,
ಯಾವ ಸಾಲ್ಯಾಗೋ, ಯಾವ ಸ್ಟೇಷನ್ನಿನಾಗೋ,
ಹೈದರಾಬಾದಿನ ಯಾರ ಬಚ್ಚಲದಾಗೋ.
ಅದರ ಮ್ಯಾಗ ನಿಂತು ಯಾರೋ ಹಲ್ಲು ತಿಕ್ಕತಿರತಾರ.

ತೀರ್ಪು ನನ್ನ ಕಡೀನೇ ಆಯ್ತು.
“ಅವಧಿ ಮುಗಿದ ಸದರಿ ಜಮೀನನ್ನು
ಕೊಟ್ಟಾಗ ಇದ್ದ ಸ್ಥಿತಿಯಲ್ಲಿ ಖಾಲಿ ಮಾಡಿ ಒಪ್ಪಿಸತಕ್ಕದ್ದು.”
ಮುನವ್ವರ್ ವಕೀಲರು ಎರಡು ಸಲ ಓದಿ ಹೇಳಿದರು.
ಎರಡನೇ ಸಲಕ್ಕ ಅವರಿಗೇ ನಗು ಬಂತು.
ಖಾಲಿ ಅಂತೂ ಮಾಡ್ಯಾರಲ್ಲರಿ, ಅಂದೆ.

ಅಮೀನ ಬಂದ, ಟೇಪು ಎಳದ, ಚಕ್ಕುಬಂದಿ ಓದಿದ:
ಮೂಡಲಕ್ಕ ಬಸ್ಸಮ್ಮನ ಹೊಲ, ಪಡುವಲಕ್ಕ ಬಂಡಿ ದಾರಿ,
ಬಡಗಲಕ್ಕ ಹಳ್ಳ, ತೆಂಕಲಕ್ಕ ಸರಕಾರಿ ಗೈರಾಣ.
ನಾಕೂ ಸರಿ ಅವ.
ನಡುವ ನೀರು. ಕರ್ರಗ, ಅಲಗಾಡದಂಥ ನೀರು.
ಎಷ್ಟು ಆಳ ಅದರಿ, ಅಂದೆ.
ಅದು ಡಿಕ್ರಿದಾಗ ಇಲ್ಲಮ್ಮ, ಅಂದು
ಸಹಿ ಮಾಡೋ ಕಾಗದ ಮುಂದ ಹಿಡದ.
ಮೂರು ಸಲ ಓದಿ ಹಾಕಿದೆ.

ಅಣವೀರಪ್ಪ ದಂಡಿ ಮ್ಯಾಗ ನಿಂತಿದ್ದ,
ಬಾಕಿ ಬಾಡಗಿ ಲಕೋಟಿದಾಗ ಹಿಡಕೊಂಡು.
ಕೋರ್ಟಿನಾಗ ಕಟ್ಟರಿ, ಅಂದೆ. ಕೈ ಚಾಚಲಿಲ್ಲ.
ಅವನ ಮೊಣಕಾಲು ನೋಯ್ತಿರಬೇಕು, ಬ್ಯಾರೆದವರು ಹಿಡಕೊಂಡು ನಡಸಿದರು.

ಅವರೆಲ್ಲಾ ಹೋದ ಮ್ಯಾಗ ಮೂರು ಹುಡುಗರು ಬಂದವು,
ಅಂಗಿ ಕಳದು ಕೈಯಾಗ ಹಿಡಕೊಂಡು,
ಕಾವಲವ ಎಲ್ಲಿ ಅಂತ ಅತ್ತಿತ್ತ ನೋಡಕೋತ.
ಆಯಿ, ಈಸಬಹುದೇನು?
ಹೌದು, ಈಗ ಕೇಳಬೇಕಾದದ್ದು ನನ್ನನ್ನೇ.
ಇಳೀರಿ, ಅಂದೆ. ದಂಡಿ ಜಾರ್ತದ, ನೋಡಿಕೊಂಡು.
ಯಾರಿಗಾದರೂ ತಳಾ ಸಿಕ್ಕರ ಮ್ಯಾಲ ಬಂದು ಹೇಳ್ರಿ.
ಕಾಗದದಾಗ ಬರದಿಲ್ಲ ಅದು.